ತೂಕದ ಹೊತ್ತು

ಪಾಲಿಬೆಟ್ಟದ ಸುತ್ತಿನ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುತ್ತಲೇ ನನ್ನ ದುಡಿಮೆಯ ವರ್ಷಗಳು ಕಳೆದವು. ತೋಟದವರ ಬಾಯಲ್ಲಿ ನಾನು ‘ರೈಟ್ರು’. ಚೆಕ್‌ರೋಲಿನಲ್ಲಿ ಹಾಜರಿ ಹಾಕಬೇಕು, ಕೊಯ್ಲಿನ ಕಾಲದಲ್ಲಿ ಹಣ್ಣು ತೂಗಿಸಿ ಬರೆದುಕೊಳ್ಳಬೇಕು, ಬಟವಾಡೆಯ ದಿನ ಮುಂಗಡ ಮುರಿದುಕೊಂಡು ಉಳಿದ ಹಣವನ್ನು ಎಣಿಸಿ ಕೊಡಬೇಕು. ಭಾನುವಾರ ಚರ್ಚಿನಲ್ಲಿ ಕೇಳಿಸಿಕೊಂಡ ಸತ್ಯವೇದಕ್ಕೂ ಸೋಮವಾರದ ಈ ಕೆಲಸಕ್ಕೂ ಏನು ಸಂಬಂಧ ಎಂದು ಯೋಚಿಸಲು ಆಗ ಪುರಸೊತ್ತು ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಆ ವರ್ಷಗಳನ್ನು ನೆನೆಯುತ್ತ, ವೇದವನ್ನು ಮತ್ತೆ ಮೊದಲಿನಿಂದ ಓದುತ್ತ ಹೋದಂತೆ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಕ್ರೈಸ್ತ ನಂಬಿಕೆ ದುಡಿಯುವ ಮನುಷ್ಯನನ್ನು ಪ್ರಾಮಾಣಿಕನಾಗಿ ಉಳಿಸುವುದು ನಿಜವಾದರೆ, ಅದು ಮನಸ್ಸಿಗೆ ಒಳ್ಳೆಯ ಭಾವನೆ ತುಂಬಿ ಉಳಿಸುವುದಿಲ್ಲ, ತಕ್ಕಡಿ ಹಿಡಿದ ಕೈಯ ಮೇಲೆ ಕಣ್ಣಿಟ್ಟು ಉಳಿಸುತ್ತದೆ. ಆ ಕಣ್ಣು ಮೊದಲು ಬೀಳುವುದು ಕೊಯ್ಯುವವರ ಮೇಲಲ್ಲ, ತೂಗುವವನ ಮೇಲೆ. ಇದನ್ನು ಒಪ್ಪದವರು ಬಹಳ ಮಂದಿ ಇದ್ದಾರೆ, ವಿಶ್ವಾಸಿಗಳಲ್ಲೂ ಇದ್ದಾರೆ. ಅದಕ್ಕಾಗಿಯೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮೂರು ಕಂಪನಿ ತೋಟಗಳ ಊರು. 1943ರಲ್ಲಿ ಹಲವು ಬ್ರಿಟಿಷ್ ತೋಟಗಳು ಕೂಡಿ ಆದ ಕನ್ಸಾಲಿಡೇಟೆಡ್ ಕಾಫಿ, ಆಮೇಲೆ ಟಾಟಾ ಕಾಫಿ ಆದಾಗಲೂ, ಪಾಲಿಬೆಟ್ಟವನ್ನೇ ತನ್ನ ವಿಳಾಸವಾಗಿ ಇಟ್ಟುಕೊಂಡಿತ್ತು. ಕಂಪನಿ ತೋಟಗಳ ನಡುನಡುವೆ ಕೊಡವ ಮನೆತನಗಳ ತೋಟಗಳು, ಅಂಚಿನಲ್ಲಿ ಯರವರ ಹಾಡಿಗಳು, ಒಳಗೆ ತಮಿಳರು, ಮಲಯಾಳಿಗಳು, ಕನ್ನಡದವರು ಇರುವ ಲೈನ್ ಮನೆಗಳು. ಕ್ರೈಸ್ತರು ಇಲ್ಲಿ ಹೊಸಬರಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಮೂಲ 1792ಕ್ಕೆ ಹೋಗುತ್ತದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಸರೆ ಕೊಟ್ಟಾಗ ಹುಟ್ಟಿದ್ದು ಅದು. ತೋಟಗಳು ಬಂದ ಮೇಲೆ ದೊರೆಗಳ ಆರಾಧನೆಯೂ ಲೈನಿನವರ ಪೂಜೆಯೂ ಸೇರಿದವು. ಹೀಗಾಗಿ ಒಂದೇ ತೋಟದಲ್ಲಿ ತೂಗುವವನೂ ತೂಗಿಸಿಕೊಳ್ಳುವವಳೂ ಒಂದೇ ವೇದವನ್ನು ಕೇಳುವವರಾಗಿರುವುದು ಇಲ್ಲಿ ಸಾಮಾನ್ಯ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗದು.

ನನ್ನ ಕಾಲದಲ್ಲಿ ಕೊಯ್ಲಿನ ಸಂಜೆ ನಡೆಯುತ್ತಿದ್ದುದೇನೆಂದು ತೋಟದ ಹೊರಗಿನವರಿಗೆ ಹೇಳಬೇಕು. ನಾಲ್ಕು ಗಂಟೆಯ ಹೊತ್ತಿಗೆ ಕೊಯ್ಲಿನವರು ಚೀಲ ಹೊತ್ತು ರಸ್ತೆಗೆ ಬರುತ್ತಾರೆ. ಟಾರ್ಪಾಲಿನ ಮೇಲೆ ಹಣ್ಣು ಸುರಿದು ಎಲೆ, ಕಡ್ಡಿ, ಹಸಿರು ಕಾಯಿ ಆರಿಸುತ್ತಾರೆ. ಮತ್ತೆ ಚೀಲಕ್ಕೆ ತುಂಬಿ ಕೊಕ್ಕೆಗೆ ತೂಗುಹಾಕುತ್ತಾರೆ. ಸ್ಪ್ರಿಂಗ್ ಕಾಟದ ಮುಳ್ಳು ಸ್ವಲ್ಪ ಹೊತ್ತು ಆಡುತ್ತದೆ, ಪೂರ್ತಿ ನಿಲ್ಲುವ ಮೊದಲೇ ಮೇಸ್ತ್ರಿ ಅಂಕಿ ಕೂಗುತ್ತಾನೆ, ರೈಟರು ಬರೆದುಕೊಳ್ಳುತ್ತಾನೆ. ಮುಳ್ಳು ಮೂವತ್ತೇಳೂವರೆಯಲ್ಲಿ ನಿಂತರೆ ಪುಸ್ತಕದಲ್ಲಿ ಮೂವತ್ತೇಳು. ಚೀಲದ ತೂಕಕ್ಕೆಂದು ಅದರಲ್ಲೂ ಒಂದು ಕಳೆಯುತ್ತಾರೆ, ಚೀಲ ಅಷ್ಟು ತೂಗಲಿ ಬಿಡಲಿ. ಅರ್ಧ ಕಿಲೋ ಅಂದರೆ ಏನು ಮಹಾ ಎನ್ನಿಸುತ್ತದೆ. ಅರವತ್ತು ಜನ ಕೊಯ್ಯುವ ತೋಟದಲ್ಲಿ ಆ ಅರ್ಧ ಕಿಲೋ ದಿನಕ್ಕೆ ಮೂವತ್ತು ಕಿಲೋ ಆಗುತ್ತದೆ, ಇಪ್ಪತ್ತು ದಿನಕ್ಕೆ ಆರುನೂರು. ಆರುನೂರು ಕಿಲೋ ಹಣ್ಣನ್ನು ಯಾರೋ ಕೊಯ್ದಿದ್ದಾರೆ, ಅವರಿಗೆ ಕೂಲಿ ಮುಟ್ಟಿಲ್ಲ. ಅದನ್ನು ಕದ್ದವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಕಳ್ಳತನ ಎಂಬ ಮಾತೂ ಏಳುವುದಿಲ್ಲ, ಅದು ತೋಟದ ‘ಪದ್ಧತಿ’. ಎದುರು ಕಡೆಯವರೂ ಸುಮ್ಮನಿರುವುದಿಲ್ಲ. ಚೀಲದ ತಳಕ್ಕೆ ಕಾಯಿ ತುಂಬುವುದು, ಹಣ್ಣಿಗೆ ನೀರು ಚಿಮುಕಿಸುವುದು, ಒಂದೆರಡು ಕಲ್ಲು ಸೇರಿಸುವುದು ಎಲ್ಲ ತೋಟದಲ್ಲೂ ಕಂಡದ್ದೇ. ಆದರೆ ಕಲ್ಲು ಹಾಕಿದವಳು ಸಿಕ್ಕಿಬಿದ್ದರೆ ಆ ದಿನದ ಕೂಲಿ ಹೋಗುತ್ತದೆ. ಮುಳ್ಳು ನಿಲ್ಲುವ ಮೊದಲು ಕೂಗಿದವನಿಗೆ ಏನೂ ಆಗುವುದಿಲ್ಲ. ಎರಡೂ ಮೋಸವೇ, ಆದರೂ ಎರಡರ ತೂಕ ಒಂದೇ ಎಂದು ನಾನು ಹೇಳಲಾರೆ.

ಈ ವಿಷಯದಲ್ಲಿ ಸತ್ಯವೇದ ಎಷ್ಟು ನಿಖರವಾಗಿ ಮಾತಾಡುತ್ತದೆಂದು ತೋಟದ ಕೆಲಸ ತಿಳಿದವರಿಗೆ ಬೇಗ ಅರ್ಥವಾಗುತ್ತದೆ. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯ ನೆರೆಯವನನ್ನು ಪ್ರೀತಿಸಬೇಕೆಂದು ಹೇಳುವುದಕ್ಕೆ ಹೆಸರಾದದ್ದು. ಅದೇ ಅಧ್ಯಾಯ ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದೆನ್ನುತ್ತದೆ, ಕೊನೆಯಲ್ಲಿ ತಕ್ಕಡಿ, ಬಟ್ಟು, ಅಳತೆಯ ಪಾತ್ರೆಗಳ ಹೆಸರು ಹಿಡಿದು ಅವು ಸರಿಯಿರಬೇಕೆನ್ನುತ್ತದೆ. ಧರ್ಮೋಪದೇಶಕಾಂಡ ಇನ್ನೂ ಒಳಹೊಕ್ಕು ನೋಡುತ್ತದೆ: ಒಂದೇ ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು, ಕೊಳ್ಳುವಾಗ ದೊಡ್ಡದು, ಮಾರುವಾಗ ಚಿಕ್ಕದು, ಇದನ್ನು ಇಟ್ಟುಕೊಳ್ಳುವುದೇ ನಿಷಿದ್ಧ. ಬಳಸಿದ ಮೇಲೆ ಶಿಕ್ಷೆ ಎನ್ನುವುದಿಲ್ಲ, ಮನೆಯಲ್ಲಿ ಇರಕೂಡದು ಎನ್ನುತ್ತದೆ. ಪ್ರವಾದಿ ಆಮೋಸ ಬೈಯುವುದು ಸಬ್ಬತ್ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆರೆದೇವು ಎಂದು ಕಾಯುವ ವ್ಯಾಪಾರಿಗಳನ್ನು. ಅವರು ದೇವರ ದಿನವನ್ನು ತಪ್ಪದೆ ಆಚರಿಸುವವರು, ಮರುದಿನ ಅಳತೆ ಕಿರಿದು ಮಾಡಿ ಗೋದಿಯ ಜೊತೆ ಹೊಟ್ಟು ಮಾರುವವರು. ಹೊಸ ಒಡಂಬಡಿಕೆಗೆ ಬಂದರೆ ಸ್ನಾನಿಕನಾದ ಯೋಹಾನನ ಬಳಿ ಸುಂಕದವರೂ ಸಿಪಾಯಿಗಳೂ ಬಂದು ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಅವನು ಅವರಿಗೆ ಅಡವಿ ಸೇರಿರಿ, ಉಪವಾಸ ಹಿಡಿಯಿರಿ ಎನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದು ಒಬ್ಬರಿಗೆ, ಬೆದರಿಸಿ ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿ ಎಂದು ಇನ್ನೊಬ್ಬರಿಗೆ ಹೇಳಿದ. ಅವರವರ ಕೆಲಸದಲ್ಲಿ ಯಾವ ಜಾಗದಲ್ಲಿ ಕೈ ಜಾರುತ್ತದೋ ಆ ಜಾಗಕ್ಕೇ ಬೆರಳಿಟ್ಟ. ನನ್ನಂಥವನು ಆ ಸಾಲಿನಲ್ಲಿ ನಿಂತಿದ್ದರೆ ಮುಳ್ಳು ನಿಂತ ಮೇಲೆ ಬರೆ ಎನ್ನುತ್ತಿದ್ದ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಇದೇನು ಕ್ರೈಸ್ತರ ಸ್ವತ್ತೇ? ಖಂಡಿತ ಅಲ್ಲ. ಕನ್ನಡನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕ ಶುದ್ಧವಾಗಿರಬೇಕೆಂದು ಬದುಕಿ ತೋರಿಸಿದರು. ಕೊಡಗಿನಲ್ಲಿ ಇಗ್ಗುತ್ತಪ್ಪನ ಹೆಸರೆತ್ತಿ ಸುಳ್ಳು ಹೇಳಲು ಇಂದಿಗೂ ಜನ ಅಂಜುತ್ತಾರೆ. ಕುರಾನಿನಲ್ಲಿ ಅಳತೆ ತೂಕದಲ್ಲಿ ಕಡಿತ ಮಾಡುವವರ ಮೇಲೆಯೇ ಒಂದು ಅಧ್ಯಾಯವಿದೆ, ತಾವು ಪಡೆಯುವಾಗ ತುಂಬಿ ಪಡೆದು ಕೊಡುವಾಗ ಕಡಿಮೆ ಕೊಡುವವರನ್ನು ಅದು ಖಂಡಿಸುತ್ತದೆ. ಯಾವ ದೇವರ ಹೆಸರನ್ನೂ ಹೇಳದೆ ನೆಟ್ಟಗೆ ಬದುಕಿದವರನ್ನೂ ತೋಟದಲ್ಲಿ ಕಾಣದೆ ಇಲ್ಲ. ಹಾಗಾಗಿ ನನ್ನ ವಾದ ಕ್ರೈಸ್ತರು ಮಾತ್ರ ಪ್ರಾಮಾಣಿಕರು ಎಂಬುದಲ್ಲ. ಕ್ರೈಸ್ತನಾದವನಿಗೆ ಅವನ ವೇದ ತಪ್ಪಿಸಿಕೊಳ್ಳಲು ದಾರಿ ಬಿಟ್ಟಿಲ್ಲ ಎಂಬುದಷ್ಟೇ. ‘ದೇವರು ಕ್ಷಮಿಸುತ್ತಾನೆ’ ಎಂಬ ಒಂದು ದಾರಿ ಇದೆಯಲ್ಲ ಎಂದು ಕೇಳಬಹುದು. ವೇದ ಅದನ್ನೂ ಮುಂಚೆಯೇ ಮುಚ್ಚಿದೆ. ವಂಚಿಸಿ ಪಡೆದದ್ದನ್ನು ಐದರಲ್ಲೊಂದು ಪಾಲು ಹೆಚ್ಚು ಸೇರಿಸಿ, ಯಾರಿಂದ ಪಡೆದನೋ ಅವರಿಗೇ ಮೊದಲು ಹಿಂದಿರುಗಿಸಬೇಕು, ಆಮೇಲೆ ಯಜ್ಞ. ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡಾಗ ಹಾಡಿ ಹೊಗಳಲಿಲ್ಲ, ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದು ಲೆಕ್ಕ ಹೇಳಿದ. ಕೆಥೋಲಿಕರ ಪಾಪನಿವೇದನೆಯಲ್ಲೂ ಕದ್ದದ್ದನ್ನು ಸಾಧ್ಯವಿದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ಪೂರ್ತಿಯಾಗದು ಎಂಬ ಬೋಧನೆ ಆಗಸ್ಟೀನನ ಕಾಲದಿಂದ ಬಂದಿದೆ. ಅರ್ಧ ಕಿಲೋ ಹಣ್ಣಿಗೂ ಇದು ಅನ್ವಯಿಸುತ್ತದೆ. ಕ್ಷಮೆ ಕೇಳಬೇಕಾದ ವಿಳಾಸ ಬರೀ ಸ್ವರ್ಗದಲ್ಲಿಲ್ಲ, ಲೈನ್ ಮನೆಯಲ್ಲೂ ಇದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ, ಚರಿತ್ರೆಯಿಂದ ಬಂದದ್ದು. ವೇದ ಇಷ್ಟು ಸ್ಪಷ್ಟವಾಗಿದ್ದರೆ ಅದನ್ನು ಓದುತ್ತಿದ್ದ ಬಿಳಿ ದೊರೆಗಳ ಕಾಲದಲ್ಲಿ ತೋಟದ ಕೂಲಿಯ ಗತಿ ಏಕೆ ಹಾಗಿತ್ತು? ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟ ಶುರುವಾದದ್ದು 1854ರಲ್ಲಿ, ಮಡಿಕೇರಿಯ ಹತ್ತಿರ. ಐದು ವರ್ಷದೊಳಗೆ, 1859ರಲ್ಲಿ, ಬ್ರಿಟಿಷ್ ಸರ್ಕಾರ ಕೆಲಸದ ಕರಾರು ಮುರಿದವರ ಮೇಲಿನ ಕಾಯ್ದೆ ತಂದಿತು. ಮುಂಗಡ ಪಡೆದು ಕೆಲಸ ಬಿಟ್ಟುಹೋದ ಆಳನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿ, ಹಣ ಕಟ್ಟು ಇಲ್ಲವೇ ಕೆಲಸಕ್ಕೆ ಮರಳು ಎಂದು ಆಜ್ಞೆ ಹೊರಡಿಸಿ, ಕೇಳದಿದ್ದರೆ ಮೂರು ತಿಂಗಳವರೆಗೆ ಸೆರೆಗೆ ತಳ್ಳಬಹುದಿತ್ತು. ಅದೇ ಕರಾರನ್ನು ದೊರೆ ಮುರಿದರೆ ಸೆರೆಯ ಮಾತಿಲ್ಲ. ದಕ್ಷಿಣದ ತೋಟಗಳು ಈ ಕಾಯ್ದೆಯನ್ನು 1920ರ ದಶಕದವರೆಗೆ ಬಳಸಿಕೊಂಡವು. ಯರವರ ಜೀತವಂತೂ ದೊರೆಗಳಿಗಿಂತ ಹಳೆಯದು, 1976ರ ಜೀತ ನಿರ್ಮೂಲನ ಕಾಯ್ದೆಯವರೆಗೆ ಅದಕ್ಕೆ ಗಟ್ಟಿಯಾದ ಕಾನೂನಿನ ತಡೆ ಇರಲಿಲ್ಲ ಎನ್ನಬೇಕು. ಭಾನುವಾರ ಆರಾಧನೆಗೆ ಕೂತವರೇ ಸೋಮವಾರ ವಾರಂಟ್ ತರಿಸಿದರು ಎಂದರೆ ನಾನು ಅಲ್ಲಗಳೆಯುವುದಿಲ್ಲ. ಅವರು ಓದಿದ್ದು ಅರ್ಧ ಪುಟ. ಕೊಲೊಸ್ಸೆಯವರಿಗೆ ಪೌಲ ಬರೆದ ಪತ್ರದಲ್ಲಿ ದಾಸರು ಯಜಮಾನನ ಕಣ್ಣಿಗೆ ಕಾಣಲೆಂದು ಮಾತ್ರ ದುಡಿಯದೆ ಮನಃಪೂರ್ವಕವಾಗಿ ದುಡಿಯಬೇಕು ಎಂಬ ಮಾತಿದೆ. ಅದನ್ನು ಲೈನ್ ಮನೆಗಳಲ್ಲಿ ಬೋಧಿಸಲು ಎಲ್ಲರಿಗೂ ಇಷ್ಟ. ಕೆಲವೇ ಸಾಲು ದಾಟಿದರೆ ಯಜಮಾನರಿಗೆ ಹೇಳಿದ್ದು ಸಿಗುತ್ತದೆ: ನಿಮಗೂ ಮೇಲೊಬ್ಬ ಯಜಮಾನನಿದ್ದಾನೆ, ಆಳುಗಳಿಗೆ ನ್ಯಾಯವಾದದ್ದನ್ನೂ ಸಮವಾದದ್ದನ್ನೂ ಕೊಡಿ. ಯಾಕೋಬನ ಪತ್ರ ಇನ್ನೂ ಕಠಿಣ. ಹೊಲ ಕೊಯ್ದವರಿಂದ ಹಿಡಿದಿಟ್ಟುಕೊಂಡ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎನ್ನುತ್ತದೆ. ದಾಸ್ಯವನ್ನೇ ತೆಗೆದುಹಾಕಿ ಎಂದು ಪೌಲ ಬರೆಯಲಿಲ್ಲ ಎಂಬುದು ನಿಜ, ಅದು ನನ್ನನ್ನು ಕಾಡುತ್ತದೆ. ಆದರೆ ವೇದವನ್ನು ಪೂರ್ತಿ ಓದಿದವನು ಆ 1859ರ ಕಾಯ್ದೆಯನ್ನು ನೆಮ್ಮದಿಯಿಂದ ಬಳಸಲಾರ.

ಪೂರ್ತಿ ಓದಲು ಪ್ರಯತ್ನಿಸಿದವರೂ ನಮ್ಮ ನೆರೆಯಲ್ಲೇ ಇದ್ದರು. ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು, ಅಮ್ಮತ್ತಿಯ ಹತ್ತಿರ ಆನಂದಪುರ ಎಂಬ ಊರು ಕಟ್ಟಿದರು. ಅಲ್ಲಿ ನೆಲೆ ನಿಂತವರು ತಲೆಮಾರುಗಳಿಂದ ಒಡೆಯರ ಗದ್ದೆಗೆ ಕಟ್ಟುಬಿದ್ದಿದ್ದ ಹೊಲೆಯರು. ಕ್ರೈಸ್ತರಾದವರಿಗೆ ನೆಲ, ಮನೆ, ದುಡಿಮೆ ಮೂರೂ ಬೇಕೆಂಬುದನ್ನು ಮೊಗ್ಲಿಂಗ್ ಕಂಡುಕೊಂಡಿದ್ದರು. ಮಂಗಳೂರಿನಲ್ಲಿ ಅದೇ ಮಿಷನ್ 1851ರಲ್ಲಿ ನೇಯ್ಗೆ, 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್‌ರ ಕೈಯಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಜಾತಿ ಬಿಟ್ಟು ಬಂದವರ ಕುಲಕಸುಬು ಹೋಗಿತ್ತು, ಅವರಿಗೆ ಕೆಲಸ ಕೊಡದೆ ಬರೀ ಉಪದೇಶ ಮಾಡುವುದು ಅನ್ಯಾಯ ಎಂಬ ಕಾರಣಕ್ಕೆ ಅವು ಹುಟ್ಟಿದವು. ಬಾಸೆಲ್ ಮಿಷನ್ ಹೆಂಚು ಅಂದರೆ ಕಣ್ಣುಮುಚ್ಚಿ ಕೊಳ್ಳಬಹುದು ಎಂಬ ಹೆಸರು ಕರಾವಳಿಯಿಂದ ಮಲೆನಾಡಿನವರೆಗೆ ಹಬ್ಬಿತ್ತು. ಆ ಮಿಷನ್ನಿನ ಶಿಸ್ತು ಉಸಿರುಕಟ್ಟಿಸುವಷ್ಟಿತ್ತು, ಕೆಲಸಗಾರನ ಮನೆಯೊಳಗಿನ ಬದುಕನ್ನೂ ಅದು ಕಾಯುತ್ತಿತ್ತು ಎಂಬ ಟೀಕೆಯಲ್ಲಿ ಸತ್ಯವಿದೆ. ಆದರೂ ನಂಬಿಕೆಯನ್ನು ಸರಕಿನ ಗುಣದಲ್ಲಿ ತೋರಿಸಬೇಕೆಂಬ ಹಟ ಅವರಿಗಿತ್ತು. ಬರಿಯ ಬೋಧನೆ ಆ ಹೆಸರನ್ನು ತಂದುಕೊಡುತ್ತಿರಲಿಲ್ಲ.

ಇನ್ನು ಬಡವರ ಕೈಯ ಸಣ್ಣ ಕಳವಿನ ಮಾತು. ಮಡಿಲಲ್ಲಿ ಒಂದು ಹಿಡಿ ಕರಿಮೆಣಸು, ಸೌದೆ ಹೊರೆಯೊಳಗೆ ಎರಡು ಸೇರು ಕಾಫಿ. ತೋಟದ ಯಜಮಾನರಿಗೆ ಪ್ರಾಮಾಣಿಕತೆ ಅಂದರೆ ಮೊದಲು ನೆನಪಾಗುವುದು ಇದೇ. ವೇದ ಇಲ್ಲಿ ಆಶ್ಚರ್ಯವಾಗುವಷ್ಟು ಮೃದು, ಅಷ್ಟೇ ಖಚಿತ. ನೆರೆಯವನ ದ್ರಾಕ್ಷಿತೋಟಕ್ಕೆ ಹೋದರೆ ಹೊಟ್ಟೆ ತುಂಬ ತಿನ್ನಬಹುದು, ಪಾತ್ರೆಗೆ ತುಂಬಿಕೊಳ್ಳಬಾರದು. ತೆನೆಯನ್ನು ಕೈಯಿಂದ ಮುರಿಯಬಹುದು, ಕುಡುಗೋಲು ಹಾಕಬಾರದು. ಹಸಿವಿಗೂ ದುರಾಸೆಗೂ ನಡುವಿನ ಗೆರೆ ಪಾತ್ರೆಯ ಬಾಯಲ್ಲಿದೆ. ಇದರ ಜೊತೆಗೇ ಹೊಲದ ಒಡೆಯನಿಗೂ ಒಂದು ಕಟ್ಟಳೆ: ಅಂಚಿನವರೆಗೆ ಕೊಯ್ಯಬೇಡ, ಬಿದ್ದದ್ದನ್ನು ಹೆಕ್ಕಬೇಡ, ಅದು ಬಡವರಿಗೂ ಪರದೇಶಿಗೂ ಸೇರಿದ್ದು. ರೂತಳು ಬೋವಜನ ಹೊಲದಲ್ಲಿ ಹೆಕ್ಕಿದ್ದು ಭಿಕ್ಷೆಯಲ್ಲ, ಹಕ್ಕು. ನಮ್ಮ ಕಾಫಿ ತೋಟದಲ್ಲಿ ಇದನ್ನು ಹಾಗೆಯೇ ನಡೆಸಲು ಬರುವುದಿಲ್ಲ ಎಂದು ನನಗೂ ಗೊತ್ತು. ಗಿಡದ ಬುಡದಲ್ಲಿ ಬಿದ್ದ ಹಣ್ಣು ಉಳಿದರೆ ಕಾಯಿಕೊರಕ ಹುಳು ಅದರಲ್ಲೇ ಬೆಳೆದು ಮುಂದಿನ ಫಸಲಿಗೆ ಏರುತ್ತದೆ, ಆದ್ದರಿಂದ ಕೊನೆಯ ಹಣ್ಣಿನವರೆಗೂ ಹೆಕ್ಕಿಸಲೇಬೇಕು. ಹುಳುವಿನ ಹೆಸರಿನಲ್ಲಿ ಹೆಕ್ಕಿಸಿದ ಕಾಫಿಯ ಒಂದು ಪಾಲನ್ನು ಹೆಕ್ಕಿದವರಿಗೇ ಬಿಟ್ಟರೆ ಯಾವ ತೋಟವೂ ಮುಳುಗಲಾರದು. ಅಂಚು ಬಿಡದ ಒಡೆಯನಿಗೆ ಪಾತ್ರೆಯ ಕಟ್ಟಳೆಯನ್ನು ಆಳಿನ ಮುಂದೆ ಓದುವ ಅಧಿಕಾರ ಎಷ್ಟಿದೆ ಎಂಬ ಪ್ರಶ್ನೆಗೆ ನನಗೆ ಇವತ್ತಿಗೂ ತೃಪ್ತಿಯ ಉತ್ತರ ಸಿಕ್ಕಿಲ್ಲ.

ದೇವರಿಗೆ ಅಂಜುವವನಿಗೆ ಲೆಕ್ಕ ತಪಾಸಣೆ ಬೇಡ ಎನ್ನುವ ವಿಶ್ವಾಸಿಗಳ ಮಾತು ನನಗೆ ಎಲ್ಲಕ್ಕಿಂತ ಅಪಾಯದ್ದು ಎನ್ನಿಸಿದೆ. ‘ಅವರು ಪ್ರಾರ್ಥನೆಯ ಜನ, ಅವರ ಪುಸ್ತಕ ನೋಡುವುದು ಅವಮಾನ’ ಎಂಬ ಧಾಟಿ ಅದು. ಯೆರೂಸಲೇಮಿನ ಯಾಜಕರ ಬಗ್ಗೆಯೂ ಜನ ಹೀಗೇ ಅಂದುಕೊಂಡಿರಬೇಕು. ಅರಸ ಯೆಹೋವಾಷ ದೇವಾಲಯದ ರಿಪೇರಿಗೆಂದು ಕಾಣಿಕೆಯ ಹಣವನ್ನು ಅವರ ಕೈಗೆ ಬಿಟ್ಟ. ಆಳ್ವಿಕೆಯ ಇಪ್ಪತ್ತಮೂರನೆಯ ವರ್ಷವಾದರೂ ಒಂದು ಬಿರುಕೂ ಮುಚ್ಚಿರಲಿಲ್ಲ. ಆಗ ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತರಿಸಿ, ಮುಚ್ಚಳಕ್ಕೆ ತೂತು ಕೊರೆಸಿ, ಯಜ್ಞವೇದಿಯ ಬಲಪಕ್ಕದಲ್ಲಿ ಇಡಿಸಿದ. ಬಾಗಿಲು ಕಾಯುವ ಯಾಜಕರು ಹಣವನ್ನು ಅದರೊಳಗೆ ಹಾಕಬೇಕು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂಡಿ ಬಂದು ಎಣಿಸಿ ಚೀಲ ಕಟ್ಟಬೇಕು, ಹಣ ನೇರ ಬಡಗಿ, ಕಲ್ಲುಕುಟಿಗರ ಮೇಲ್ವಿಚಾರಕರಿಗೆ ಹೋಗಬೇಕು. ಇಬ್ಬರ ಸಹಿ ಇಲ್ಲದೆ ಬ್ಯಾಂಕಿನಿಂದ ಹಣ ತೆಗೆಯಬಾರದೆಂಬ ಇಂದಿನ ನಿಯಮಕ್ಕೆ ಇದಕ್ಕಿಂತ ಹಳೆಯ ಪೂರ್ವಜ ಬೇಕಿಲ್ಲ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಕೆಲಸದವರಿಗೆ ಹಂಚಲು ಹಣ ಪಡೆದ ಮೇಲ್ವಿಚಾರಕರಿಂದ ಲೆಕ್ಕ ಕೇಳಲಿಲ್ಲ, ಅವರು ನಂಬಿಗಸ್ತರಾಗಿದ್ದರು. ಯಾಜಕರ ಹಣಕ್ಕೆ ಬೀಗ, ಕೆಲಸದ ಜಾಗದವರ ಮೇಲೆ ಭರವಸೆ! ನಮ್ಮ ತೋಟಗಳಲ್ಲೂ ಸಂಸ್ಥೆಗಳಲ್ಲೂ ನಡೆಯುವುದು ಇದಕ್ಕೆ ತೀರ ವಿರುದ್ಧ. ಪೌಲನೂ ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ತಾನೊಬ್ಬನೇ ಒಯ್ಯಲಿಲ್ಲ. ತೀತನ ಜೊತೆ ಸಭೆಗಳು ಆರಿಸಿದ ಸಹೋದರನನ್ನೂ ಕಳಿಸಿ, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿ ಕಾಣಬೇಕೆಂದು ಕಾರಣ ಕೊಟ್ಟ. ಚರ್ಚಿನ ಆಸ್ತಿಗಳ ವ್ಯಾಜ್ಯಗಳು ಕೋರ್ಟು ಹತ್ತಿರುವ ಈ ಕಾಲದಲ್ಲಿ ಈ ಎರಡು ಅಧ್ಯಾಯಗಳು ಪ್ರತಿ ಸಭೆಯ ಸಮಿತಿ ಕೋಣೆಯಲ್ಲಿ ಓದಿಸಿಕೊಳ್ಳಬೇಕಾದವು.

ನೆಟ್ಟಗಿದ್ದರೆ ವ್ಯಾಪಾರ ನಡೆಯದು ಎನ್ನುವವರಿಗೂ ಉತ್ತರ ಹೇಳಬೇಕು. ಕಾಫಿ ಮಂಡಳಿಯ ಪೂಲ್ ಕಾಲದಲ್ಲಿ ಬೆಳೆಗಾರ ಫಸಲನ್ನೆಲ್ಲ ಮಂಡಳಿಗೆ ಒಪ್ಪಿಸಬೇಕಿತ್ತು, ಹಣ ಕಂತುಕಂತಾಗಿ, ತಡವಾಗಿ ಬರುತ್ತಿತ್ತು. 1942ರ ಕಾಯ್ದೆಯಿಂದ ಬಂದ ಆ ವ್ಯವಸ್ಥೆ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿ 1996ರ ಹೊತ್ತಿಗೆ ಪೂರ್ತಿ ಹೋಯಿತು. ಅದರ ವಿರುದ್ಧ ಬೆಳೆಗಾರರ ದೂರು ನ್ಯಾಯವಾದದ್ದೇ. ಆದರೆ ರಾತ್ರಿ ಹೊರಗೆ ಮಾರಿದ ಕಾಫಿಗೆ ಇನ್ನೊಂದು ಪುಸ್ತಕ ಬೇಕಾಗುತ್ತದೆ. ಎರಡು ಪುಸ್ತಕ ಇಟ್ಟ ಮೇಲೆ ಫಸಲಿನ ಸುಳ್ಳು ಕೊಯ್ಲಿನ ಪುಸ್ತಕಕ್ಕೂ ಇಳಿಯುತ್ತದೆ, ಅಲ್ಲಿಂದ ಕೂಲಿಗೂ. ಧರ್ಮೋಪದೇಶಕಾಂಡದ ಎರಡು ಕಲ್ಲುಗಳು ಅವೇ. ಈಗ ಪೂಲ್ ಇಲ್ಲ, ಮೋಸ ಬೇರೆ ಕಡೆಗೆ ಹೋಗಿದೆ. ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರುವಾಗ ಐವತ್ತು ಕಿಲೋ ಚೀಲದಿಂದ ಎಷ್ಟು ಕಿಲೋ ಬೇಳೆ ಬರುತ್ತದೆ ಎಂಬ ಔಟ್‌ಟರ್ನ್ ಮೇಲೆ ದರ ನಿಲ್ಲುತ್ತದೆ. ಚೀಲದ ಯಾವ ಭಾಗದಿಂದ ಸ್ಯಾಂಪಲ್ ತೆಗೆದರು, ತೇವದ ಮೀಟರು ಎಷ್ಟು ತೋರಿಸಿತು ಎಂಬಲ್ಲಿ ಎರಡೂ ಕಡೆಯ ಕೈಚಳಕ ನಡೆಯುತ್ತದೆ. 2017ರಲ್ಲಿ ವಿಯೆಟ್ನಾಂ ಮೆಣಸನ್ನು ಕೊಡಗಿನ ಮೆಣಸಿನ ಜೊತೆ ಬೆರೆಸಿ ಮಾರುತ್ತಿದ್ದಾರೆಂಬ ದೂರು ಗೋಣಿಕೊಪ್ಪಲಿನ ಮಾರುಕಟ್ಟೆಯಲ್ಲಿ ಎದ್ದಾಗ ಸಿಟ್ಟಿಗೆದ್ದವರು ಬೆಳೆಗಾರರೇ. ತಮಗೆ ಮೋಸವಾದಾಗ ತೂಕ, ಗುಣ ಎಲ್ಲ ಎಷ್ಟು ಪವಿತ್ರ ಎಂದು ಎಲ್ಲರಿಗೂ ತಿಳಿಯುತ್ತದೆ. ನೆಟ್ಟಗಿದ್ದವನಿಗೆ ಲಾಭವಾಗುತ್ತದೆಂದು ನಾನು ಹೇಳುತ್ತಿಲ್ಲ. ಜ್ಞಾನೋಕ್ತಿಗಳು ಹಾಗೆ ಆಸೆ ಹುಟ್ಟಿಸಿದರೂ ಯೋಬನ ಪುಸ್ತಕ ಅದನ್ನು ಒಡೆದುಹಾಕುತ್ತದೆ. ದಾನಿಯೇಲನ ಆಡಳಿತದಲ್ಲಿ ತಪ್ಪು ಹುಡುಕಿ ಸೋತವರು ಅವನ ಪ್ರಾರ್ಥನೆಯನ್ನೇ ಅಪರಾಧವಾಗಿಸಿ ಸಿಂಹದ ಗವಿಗೆ ಹಾಕಿಸಿದರು. ನಷ್ಟವಾದರೂ ಸರಿಯಾಗಿ ತೂಗಬೇಕೆಂದೇ ವೇದ ಹೇಳುತ್ತದೆ, ಅದನ್ನು ಸಿಹಿ ಮಾಡಿ ಬೋಧಿಸುವುದು ಕೂಡ ಒಂದು ಬಗೆಯ ಕಲಬೆರಕೆ.

ಈಚಿನ ಕೊಯ್ಲುಗಳಲ್ಲಿ ನಮ್ಮ ತೋಟಗಳಿಗೆ ಅಸ್ಸಾಮಿನಿಂದ, ಬಂಗಾಳದಿಂದ ಜನ ಬರುತ್ತಿದ್ದಾರೆ. ಹಲವೆಡೆ ಅವರ ಕೂಲಿ ಕರೆತಂದವನ ಕೈಗೆ ಹೋಗುತ್ತದೆ, ಅವನಿಂದ ಅವರಿಗೆ. ಕೂಗಿದ ಅಂಕಿ ಅವರಿಗೆ ತಿಳಿಯುವುದಿಲ್ಲ, ಬರೆದ ಅಂಕಿ ಕಾಣುವುದಿಲ್ಲ. ಸ್ಪ್ರಿಂಗ್ ಕಾಟದ ಜಾಗಕ್ಕೆ ಎಲೆಕ್ಟ್ರಾನಿಕ್ ಕಾಟ ಬಂದಿದೆ. ಅದಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕೆಂಬ ನಿಯಮವಿದೆ. ಆದರೆ ಅಂಕಿ ತೋರಿಸುವ ಅದರ ಮುಖ ಸಾಮಾನ್ಯವಾಗಿ ಬರೆಯುವವನ ಕಡೆಗೇ ತಿರುಗಿರುತ್ತದೆ. ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರದ ಸಭೆಗಳಲ್ಲಿ ತೋಟದ ಯಜಮಾನರೂ ಮ್ಯಾನೇಜರರೂ ರೈಟರೂ ಇದ್ದಾರೆ. ಬೆಳೆಯ ಹಬ್ಬದ ದಿನ ಅವರೆಲ್ಲ ಮೊದಲ ಫಲ ತಂದು ವೇದಿಯ ಮುಂದೆ ಇಡುತ್ತಾರೆ. ಆ ದಿನ ಯಾಕೋಬನ ಐದನೆಯ ಅಧ್ಯಾಯವನ್ನು ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲೋ ಬಂಗಾಳಿಯಲ್ಲೋ ಇನ್ನೊಮ್ಮೆ ಓದಿಸಬೇಕೆಂದು ನಮ್ಮ ಪಾದ್ರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಮಾರನೆಯ ದಿನದಿಂದ ಕಾಟದ ಮುಖವನ್ನು ಕೊಯ್ಯುವವರ ಕಡೆಗೆ ತಿರುಗಿಸಿ, ಅಂದಂದಿನ ತೂಕ ಬರೆದ ಚೀಟಿಯ ಒಂದು ಪ್ರತಿಯನ್ನು ಅವರ ಕೈಗೂ ಕೊಡಲು ತೋಟಕ್ಕೆ ತಗಲುವ ಖರ್ಚು ಒಂದು ಪುಸ್ತಕ, ಒಂದು ಕಾರ್ಬನ್ ಹಾಳೆ.